ತೂತು ಬಿದ್ದ ಕೇಪು

ಮೈಸೂರು
4 ಜೂನ್ 1993

ದೊಡ್ಡಪ್ಪನವರಿಗೆ ಮೈಥಿಲಿಯ ನಮಸ್ಕಾರಗಳು.

ಅಪ್ಪ ಹೋಗಿ ಎರಡು ವರ್ಷವಾಯಿತು. ಆಮೇಲೆ ನಾನು ನಿಮಗೆ ಬರೆದೇ ಇಲ್ಲ. ಈಗ ಬರೆಯುತ್ತಿರುವುದೂ ಕೆಲಸ ಬಿದ್ದದ್ದರಿಂದ. ಸುಳ್ಳು ಯಾಕೆ ಹೇಳಲಿ?

ಅಪ್ಪನ ರೈಫಲ್ಲು ಈಗ ನನ್ನ ಹೆಸರಿನಲ್ಲಿದೆ. ಲೈಸೆನ್ಸು, ತೋಟಾ ನಾವೇ ತುಂಬಿಕೊಳ್ಳುವ ಅನುಮತಿ, ಎಲ್ಲಾ ಆಯಿತು. ಕ್ಲಬ್ಬಿನಲ್ಲಿ ಮುನ್ನೂರು ಮೀಟರಿಗೆ ಹೊಡೆಯುವ ಹೆಂಗಸು ನಾನೊಬ್ಬಳೇ. ಆಗಸ್ಟ್ 29ಕ್ಕೆ ಬೆಂಗಳೂರಿನಲ್ಲಿ ರಾಜ್ಯದ ಟೀಮಿಗೆ ಆಯ್ಕೆ ಇದೆ. ಈ ಸಲ ಆಗಲಿಲ್ಲವೆಂದರೆ ರೈಫಲ್ಲನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿಬಿಡು ಎಂದು ಅಮ್ಮ ಹೇಳಿಯಾಗಿದೆ.

ತೊಂದರೆ ಏನೆಂದರೆ, ಹೊಡೆದ ಮೇಲೆ ಖಾಲಿ ತೋಟಾ ಹೊರಗೆ ಬಂದಾಗ ಅದರ ಬುಡದ ಕೇಪಿನಲ್ಲಿ ತೂತು ಇರುತ್ತದೆ. ಪಿನ್ನು ಬಡಿದು ಗುಳಿ ಬೀಳಬೇಕಾದ ಕಡೆ ದಬ್ಬಳ ಚುಚ್ಚಿದ ಹಾಗೆ ತೂತು, ಸುತ್ತ ಮಸಿ. ಹತ್ತರಲ್ಲಿ ಮೂರು ಹೀಗೆ. ಅಪ್ಪನ ಕಾಲದಲ್ಲಿ ಹೀಗಾದದ್ದು ನಾನು ನೋಡಿಲ್ಲ. ಇಲ್ಲಿ ಯಾರನ್ನು ಕೇಳಲಿ? ಸಂತೇಪೇಟೆಯ ನಮ್ಮ ಬಂದೂಕು ರಿಪೇರಿ ಅಂಗಡಿ ಅಪ್ಪನ ಜೊತೆಗೇ ಮುಚ್ಚಿತು. ಈ ಕೆಲಸ ಗೊತ್ತಿರುವವರು ಎಂದು ಉಳಿದಿರುವುದು ನೀವೊಬ್ಬರೇ.

ಅಕ್ಷರ ಸ್ವಲ್ಪ ಓರೆಯಾಗಿದೆ. ಕರೆಂಟ್ ಇಲ್ಲ.

ಮೈಥಿಲಿ


ಬೆಡೋಕ್, ಸಿಂಗಪುರ
15 ಜೂನ್ 1993

ಮೈಥಿಲಿಗೆ,

ಆಶೀರ್ವಾದ ಕೊನೆಗೆ. ಮೊದಲು ಬೈಗುಳ.

ಎರಡು ವರ್ಷ ದೊಡ್ಡಪ್ಪ ಇದ್ದಾನೋ ಸತ್ತಿದ್ದಾನೋ ಅಂತ ಕೇಳದವಳಿಗೆ ಕೇಪು ತೂತಾದಾಗ ನೆನಪಾಯ್ತು. ಆಗಲಿ. ಇನ್ನು ಆ ಅಕ್ಷರ! ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಎಸೆದು ನಮ್ಮಪ್ಪನ ಬಂದೂಕು ರಿಪೇರಿ ಅಂಗಡಿಗೆ ಬಂದು ಕೂತವನು. ನನ್ನ ಸಾಲು ನೋಡು, ದಾರ ಹಿಡಿದ ಹಾಗಿದೆ. ನೀನು ಬಿ.ಎಸ್ಸಿ. ಓದಿದವಳು. ನಿನ್ನ ಸಾಲು ಬಲಗಡೆ ಹೋಗ್ತಾ ಹೋಗ್ತಾ ಕೆಳಗಿನ ಸಾಲಿನ ಮೇಲೆ ಹತ್ತಿ ಕೂತಿದೆ. ಕರೆಂಟ್ ಇಲ್ಲದಿದ್ದರೆ ಬೆಳಗ್ಗೆ ಬರಿ.

ಈಗ ಕೇಳು, ಮಕ್ಕಳಿಗೆ ಹೇಳೋ ಹಾಗೆ ಹೇಳ್ತೀನಿ. ಕೇಪು ಅಂದರೆ ತೆಳು ತಗಡಿನ ಪುಟ್ಟ ಬಟ್ಟಲು. ಪಿನ್ನು ಅದನ್ನು ಗುದ್ದಬೇಕು, ಹರಿಯಬಾರದು. ಹರಿದರೆ ಒಳಗಿನ ಬೆಂಕಿ, ಹೊಗೆ, ತಗಡಿನ ಚೂರು ಪಿನ್ನು ಕೂತಿರೋ ಬೋಲ್ಟಿನ ಒಳಗಿಂದ ಹಿಂದಕ್ಕೆ ನುಗ್ಗುತ್ತೆ. ಹಿಂದೆ ಏನಿರುತ್ತೆ? ಹೊಡೆಯೋರ ಕಣ್ಣು. ಇದನ್ನು ಮೊದಲು ತಲೆಗೆ ಹಾಕ್ಕೋ.

ಕಾರಣ ಎರಡೇ. ಒಂದು, ಮದ್ದು ಜಾಸ್ತಿ. ಇನ್ನೊಂದು, ಪಿನ್ನು ಕೆಟ್ಟದ್ದು. ಎರಡನೇದನ್ನು ಬಿಟ್ಟುಬಿಡು. ಆ ಪಿನ್ನು ಮಾಡಿದವನು ನಾನು. ಅರವತ್ತೊಂದರಲ್ಲಿ ರಜಕ್ಕೆ ಬಂದಿದ್ದಾಗ, ಹಳೇದು ಮುರಿದು ನಿಮ್ಮಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ನನ್ನ ಕೈಯಾರೆ ಅರ ಹಾಕಿ ಮಾಡಿಕೊಟ್ಟದ್ದು. ನಾನು ಮಾಡಿದ ಪಿನ್ನಿನ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಊರಿ ತಿರುಗಿಸಿ ನೋಡ್ತೀನಿ. ಉಗುರಿಗೆ ಗೆರೆ ಬಿದ್ದರೆ ಅದು ಪಿನ್ನಲ್ಲ, ಮೊಳೆ. ಗೆರೆ ಬೀಳದಿದ್ದರೆ ಮಾತ್ರ ಕೈಯಿಂದ ಬಿಡೋದು. ಇಲ್ಲಿ ಬ್ರಿಟಿಷರ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷ ರೈಫಲ್ಲು ರಿಪೇರಿ ಮಾಡಿದೆ. ನಾನು ಮಾಡಿದ ಒಂದು ಪಿನ್ನೂ ವಾಪಸ್ ಬಂದಿಲ್ಲ.

ಆದ್ದರಿಂದ ತಪ್ಪು ನಿನ್ನದು. ಮದ್ದು ಜಾಸ್ತಿ ತುಂಬ್ತಿದ್ದೀಯ. ನಿಮ್ಮಪ್ಪ ನರಸಿಂಹ ಹಸುಗೂಸಿಗೆ ಒಳಲೆಯಲ್ಲಿ ಹಾಲು ಹಾಕೋ ಹಾಗೆ ಮದ್ದು ಹಾಕೋನು. ಹೆದರುಪುಕ್ಕಲ. "ಲೋ, ಇಷ್ಟು ಮದ್ದಿಗೆ ಗುಂಡು ಟಾರ್ಗೆಟ್ ಹರಿಯಲ್ಲ, ಅದರ ಕಾಲಿಗೆ ಬಿದ್ದು ನಮಸ್ಕಾರ ಮಾಡುತ್ತೆ" ಅಂತ ಎದುರಿಗೂ ಆಡಿಕೊಂಡಿದ್ದೀನಿ, ಕಾಗದದಲ್ಲೂ ಬರೆದಿದ್ದೀನಿ. ನಗೋನು. ಒಂದು ಮಾತೂ ವಾಪಸ್ ಆಡ್ತಿರಲಿಲ್ಲ. ನೀನು ಅವನಿಗೆ ಉಲ್ಟಾ. ಕಮ್ಮಿ ಮಾಡು, ಸರಿಹೋಗುತ್ತೆ.

ಈಗ ಆಶೀರ್ವಾದ. ನಿಮ್ಮಮ್ಮನಿಗೂ ಹೇಳು.

ಪುಟ್ಟಸ್ವಾಮಿ


ಮೈಸೂರು
27 ಜೂನ್ 1993

ದೊಡ್ಡಪ್ಪನವರಿಗೆ ನಮಸ್ಕಾರ.

ಕಮ್ಮಿ ಮಾಡಿ ನೋಡಿದೆ. ಅಪ್ಪನ ಅಳತೆಗೆ ಇಳಿಸಿದರೆ ತೂತು ಬೀಳುವುದಿಲ್ಲ, ನಿಜ. ಆದರೆ ಆ ಅಳತೆಯಲ್ಲಿ ಗುಂಡು ಮುನ್ನೂರು ಮೀಟರಿಗೆ ಒಂದು ಕಡೆ ಕೂರುವುದಿಲ್ಲ, ಮೊರದಗಲ ಚದುರುತ್ತದೆ. ಮದ್ದಿನ ಕಂಪನಿಯ ಅಚ್ಚಿನ ಪುಸ್ತಕದಲ್ಲಿರುವ ಅಳತೆಗೆ ಏರಿಸಿದರೆ ತೂತು. ಅದೇನೂ ಜಾಸ್ತಿಯಲ್ಲ ದೊಡ್ಡಪ್ಪ, ಪುಸ್ತಕದ ಮೇಲ್ಮಿತಿಗಿಂತ ಕೆಳಗೇ ಇದ್ದೇನೆ. ನಾನು ತುಂಬಿದ ಅದೇ ತೋಟಾಗಳನ್ನು ಕ್ಲಬ್ಬಿನ ರಘುನಾಥ್ ಸರ್ ತಮ್ಮ ರೈಫಲ್ಲಿನಲ್ಲಿ ಹೊಡೆದು ನೋಡಿದರು. ಒಂದೂ ತೂತಾಗಲಿಲ್ಲ.

ಇನ್ನೂ ಒಂದು. ಮದ್ದು ಜಾಸ್ತಿಯಾದರೆ ಬೋಲ್ಟು ಎತ್ತುವಾಗ ಬಿಗಿ ಹಿಡಿಯಬೇಕು, ಕೇಪಿನ ಅಂಚು ಚಪ್ಪಟೆಯಾಗಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರು. ನನ್ನದರಲ್ಲಿ ಬೋಲ್ಟು ಸಲೀಸಾಗಿ ಏಳುತ್ತದೆ. ಕೇಪಿನ ಅಂಚು ಹೊಸದರ ಹಾಗೆ ದುಂಡಗೇ ಇದೆ.

ಪಿನ್ನನ್ನು ಬಿಚ್ಚಿ ನೋಡಲೇ? ನೀವು ಬೇಡವೆಂದರೆ ಮುಟ್ಟುವುದಿಲ್ಲ. ಅಪ್ಪನೂ ಅದನ್ನು ಯಾರಿಗೂ ಬಿಚ್ಚಲು ಬಿಡುತ್ತಿರಲಿಲ್ಲ. "ಅಣ್ಣ ಮಾಡಿದ್ದು, ಹಾಗೇ ಇರಲಿ" ಎನ್ನುತ್ತಿದ್ದರು.

ಕಣ್ಣಿನ ವಿಷಯ ಬರೆದಿದ್ದೀರಿ. ಈಗ ಕನ್ನಡಕ ಹಾಕಿಕೊಂಡೇ ಹೊಡೆಯುತ್ತೇನೆ.

ಮೈಥಿಲಿ


ಬೆಡೋಕ್
8 ಜುಲೈ 1993

ಮೈಥಿಲಿ,

ನನಗೇ ಪಾಠ ಹೇಳಿಕೊಡ್ತಿದ್ದೀಯಾ?

ನೀನೇ ಬರೆದೆ, ಕಮ್ಮಿ ಹಾಕಿದರೆ ತೂತಿಲ್ಲ, ಏರಿಸಿದರೆ ತೂತು. ಹಾಗಾದರೆ ತಪ್ಪು ಮದ್ದಿನದ್ದೋ ಪಿನ್ನಿನದ್ದೋ? ಬಿ.ಎಸ್ಸಿ.ಯಲ್ಲಿ ಇಷ್ಟೂ ಹೇಳಿಕೊಡಲಿಲ್ವಾ? ರಘುನಾಥ ಅಂತೆ. ಅವನ ರೈಫಲ್ಲು ಅವನದ್ದು. ಅವನ್ಯಾರು ನನ್ನ ಕೆಲಸಕ್ಕೆ ಮಾರ್ಕು ಹಾಕೋಕೆ?

ಪಿನ್ನು ಮುಟ್ಟಬೇಡ. ಮೂವತ್ತು ವರ್ಷ ನಿಮ್ಮಪ್ಪ ಅದರಲ್ಲೇ ಹೊಡೆದ. ಒಂದು ದೂರೂ ಬರೀಲಿಲ್ಲ. ನಿನಗೆ ಎರಡೇ ವರ್ಷಕ್ಕೆ ದೊಡ್ಡಪ್ಪನ ಪಿನ್ನು ಕೆಟ್ಟದಾಯ್ತು.

ಅಂಚು ದುಂಡಗಿದೆ, ಬೋಲ್ಟು ಸಲೀಸು, ಇವೆಲ್ಲ ಬರೀ ಮಾತು. ನೀನು ದುಂಡಗಿದೆ ಅಂದರೆ ನಿಮ್ಮಮ್ಮ ಹುಯ್ಯೋ ದೋಸೇನೂ ದುಂಡಗಿರುತ್ತೆ. ನಾನು ಈಗ ಬೆಡೋಕ್ ಮಾರ್ಕೆಟ್ ಪಕ್ಕ ಬೀಗದ ಕೈ ಅರೆದು ಕೊಡೋ ಮಳಿಗೆಯವನು, ಒಪ್ಪಿದೆ. ಆದರೂ ಬೀಗ ಕಣ್ಣಿಗೆ ಕಾಣದೆ ಕೀ ಅರೆಯಲ್ಲ. ನಿನಗೆ ಅಷ್ಟು ಧೈರ್ಯ ಇದ್ದರೆ ಆ ತೂತು ಬಿದ್ದ ಕೇಪು ನನ್ನ ಕಣ್ಣ ಮುಂದೆ ತಂದು ಇಡು. ಆಮೇಲೆ ಮಾತಾಡು. ಅಲ್ಲೀವರೆಗೆ ಮದ್ದು ಕಮ್ಮಿ ಮಾಡಿ ಬಾಯಿ ಮುಚ್ಚಿಕೊಂಡು ಹೊಡಿ.

ಅಕ್ಷರ ಹಾಗೇ ಇದೆ. ಈ ಸಲವೂ ಕರೆಂಟ್ ಇರಲಿಲ್ವಾ?

ಪುಟ್ಟಸ್ವಾಮಿ


ಮೈಸೂರು
24 ಜುಲೈ 1993

ದೊಡ್ಡಪ್ಪನವರಿಗೆ,

ತಂದು ಇಡು ಎಂದಿರಿ. ಇಡುತ್ತಿದ್ದೇನೆ.

ನಮ್ಮ ಬೀದಿಯ ಬದರಿನಾಥ್ ಅವರಿಗೆ ಸಿಂಗಪುರದಲ್ಲಿ ಬ್ಯಾಂಕ್ ಕೆಲಸ ಸಿಕ್ಕಿದೆ. ಆಗಸ್ಟ್ ಒಂದಕ್ಕೆ ಬಂದಿಳಿಯುತ್ತಾರೆ. ಬರುವವರಿದ್ದರೆ ಅಮ್ಮ ಸುಮ್ಮನಿರುತ್ತಾರೆಯೇ? ನಿಮಗೆಂದು ಒಂದು ಡಬ್ಬ ಚಟ್ನಿಪುಡಿ ತುಂಬಿದ್ದಾರೆ. ಅದರ ತಳದಲ್ಲಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ನಾಲ್ಕು ಖಾಲಿ ತೋಟಾ ಇಟ್ಟಿದ್ದೇನೆ. ನಾಲ್ಕರದ್ದೂ ಕೇಪು ತೂತು. ಡಬ್ಬದ ಮೇಲೆ ನಿಮ್ಮ ಹೆಸರು, ವಿಳಾಸ ಅಂಟಿಸಿದ್ದೇನೆ. ಅಮ್ಮನಿಗೂ ಗೊತ್ತಿಲ್ಲ, ಬದರಿನಾಥ್‌ಗೂ ಗೊತ್ತಿಲ್ಲ. ಗಾಬರಿಯಾಗಬೇಡಿ. ಮದ್ದಿಲ್ಲ, ಗುಂಡಿಲ್ಲ, ಬರೀ ಹಿತ್ತಾಳೆ. ಇಂಥವನ್ನು ಕ್ಲಬ್ಬಿನ ಆಫೀಸಿನಲ್ಲಿ ಮೇಜಿನ ಮೇಲೆ ಆಟದ ಸಾಮಾನಿನಂತೆ ಜೋಡಿಸಿಟ್ಟಿರುತ್ತಾರೆ.

ನೋಡಿ, ಮುಟ್ಟಿ, ಆಮೇಲೆ ಹೇಳಿ. ತಪ್ಪು ನನ್ನದೇ ಆದರೆ ಒಪ್ಪಿಕೊಳ್ಳುತ್ತೇನೆ. 29ಕ್ಕೆ ಇನ್ನು ಐದು ವಾರ ಇದೆ.

ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕಿಲ್ಲ, ಕೆಡುವುದಿಲ್ಲ ಎಂದು ಅಮ್ಮ ಬರೆಯಲು ಹೇಳಿದರು.

ಮೈಥಿಲಿ


ಬೆಡೋಕ್
4 ಆಗಸ್ಟ್ 1993

ಮೈಥಿಲಿ,

ನಿನ್ನ ಕಾಗದ ನಿನ್ನೆ ಬಂತು. ಪೊಲೀಸಿನವರು ಮೊನ್ನೆಯೇ ಬಂದಿದ್ದರು. ಉಳಿದದ್ದು ನೀನೇ ಅರ್ಥ ಮಾಡ್ಕೋ.

ನಿನಗೆ ತಲೆ ಇದೆಯಾ? ಇದು ಮೈಸೂರಲ್ಲ. ಬಂದೂಕು ಹಾರಿಸಿದವನಿಗೆ ಈ ಊರಲ್ಲಿ ನೇಣು. ಒಂದು ಖಾಲಿ ತೋಟಾ ಸಿಕ್ಕರೆ, ಇದರ ಗುಂಡು ಎಲ್ಲಿ ಹೋಯ್ತು, ಬಂದೂಕು ಯಾರ ಹತ್ರ ಇದೆ, ಇದೇ ಮೊದಲ ಪ್ರಶ್ನೆ. ಅದನ್ನು ಚಟ್ನಿಪುಡಿಯಲ್ಲಿ ಹೂತು, ಏನೂ ಅರಿಯದ ಹುಡುಗನ ಕೈಗೆ ಕೊಟ್ಟು, ಮೇಲೆ ನನ್ನ ವಿಳಾಸ ಬೇರೆ ಅಂಟಿಸಿ! ಏರ್‌ಪೋರ್ಟಿನ ಮಿಷಿನ್ನಿನಲ್ಲಿ ಡಬ್ಬದ ತಳ ಕಂಡಿದೆ. ಅಲ್ಲೇ ಹಿಡಿದು ಕೂರಿಸಿದ್ದಾರೆ.

ನಾನು ಯಾರದೋ ಮನೆ ಬೀಗದ ಕೈಗೆ ಅರ ಹಾಕ್ತಾ ಕೂತಿದ್ದೆ. ಇಬ್ಬರು ಬಂದು, "ಅಂಕಲ್, ಅರ ಕೆಳಗಿಡಿ, ನಮ್ಮ ಜೊತೆ ಬನ್ನಿ" ಅಂದರು. ಅಕ್ಕಪಕ್ಕದ ಮಳಿಗೆಯವರೆಲ್ಲ ನೋಡ್ತಾ ನಿಂತರು. ಇಪ್ಪತ್ತು ವರ್ಷದಿಂದ ಅವರ ಮನೆ ಕೀ ಮಾಡಿಕೊಟ್ಟವನು ನಾನು.

ಸ್ಟೇಷನ್ನಿನಲ್ಲಿ ಬದರಿನಾಥ ಬೆಂಚಿನ ತುದಿಯಲ್ಲಿ ಕೂತಿದ್ದ. ಹೊಸ ಶರಟಿನ ಮೇಲೆಲ್ಲ ಕೆಂಪು ಪುಡಿ. ನನ್ನನ್ನು ನೋಡಿದ್ದೇ ಎದ್ದ. "ಅಂಕಲ್, ಡಬ್ಬದಲ್ಲಿ ಏನಿತ್ತು ಅಂತ ನಂಗೆ ಗೊತ್ತಿರಲಿಲ್ಲ ಅಂತ ಹೇಳಿ ಅಂಕಲ್, ಪ್ಲೀಸ್. ಇವತ್ತು ಬ್ಯಾಂಕಿಗೆ ಜಾಯಿನ್ ಆಗ್ಬೇಕಿತ್ತು. ಆಂಟಿ ಚಟ್ನಿಪುಡಿ ಅಂದ್ರು, ನಾನು ತಗೊಂಡೆ ಅಷ್ಟೆ." ನನಗೆ ಏನೂ ತಿಳೀಲಿಲ್ಲ. "ಯಾವ ಡಬ್ಬ? ಯಾವ ಆಂಟಿ?" ಅಂತ ಕೂಗಿದೆ. ಇನ್‌ಸ್ಪೆಕ್ಟರು ಚೀನೀ ಹುಡುಗ, ನನ್ನ ಮಗ ಕುಶಾಲನ ವಯಸ್ಸು. "ಅಂಕಲ್, ಕೂಗಬೇಡಿ. ಕೂತ್ಕೊಳ್ಳಿ. ಇದನ್ನು ನೋಡಿ, ಆಮೇಲೆ ಹೇಳಿ" ಅಂದ.

ಬಿಳೀ ಕಾಗದದ ಮೇಲೆ ನಾಲ್ಕು ತೋಟಾ ಸಾಲಾಗಿ ನಿಲ್ಲಿಸಿದ್ದ, ಬುಡ ಮೇಲೆ ಮಾಡಿ. ಆಗ ತಿಳೀತು. ನಾನೇ ಅಲ್ವಾ ಬರೆದದ್ದು, ಕಣ್ಣ ಮುಂದೆ ತಂದು ಇಡು ಅಂತ. "ನನ್ನದೇ ಸಾರ್. ನಾನೇ ತರಿಸಿದ್ದು. ಈ ಹುಡುಗನನ್ನು ಬಿಡಿ" ಅಂದೆ. "ಯಾಕೆ ತರಿಸಿದಿರಿ?" ಅಂದ. "ಕೇಪು ಯಾಕೆ ತೂತಾಯ್ತು ಅಂತ ನೋಡೋಕೆ" ಅಂದೆ. ಅವನು ಬರೆಯೋದು ನಿಲ್ಲಿಸಿ ನನ್ನ ಮುಖ ನೋಡಿದ. "ಸರಿ, ನೋಡಿ. ಮುಟ್ಟಬೇಡಿ" ಅಂದ. ಜೇಬಿನಲ್ಲಿ ಬೀಗ ನೋಡೋ ಭೂತಗನ್ನಡಿ ಇತ್ತು. ಬಗ್ಗಿ ನಾಲ್ಕನ್ನೂ ನೋಡಿದೆ.

ಏನು ನೋಡಿದೆ ಅಂತ ಕೇಳಬೇಡ.

ಎದ್ದು ಬರೋವಾಗ ಬದರಿನಾಥ ಮೆಲ್ಲಗೆ ಕೇಳಿದ, "ಮೈಥಿಲಿ ಕಣ್ಣು ಹೆಂಗಿದೆ ಅಂಕಲ್ ಈಗ? ಮೇ ತಿಂಗಳಿಂದ ಬಲಗಣ್ಣಿಗೆ ಹತ್ತಿ ಕಟ್ಕೊಂಡೇ ಇದ್ದಾಳೆ. ಈಗ ಎಡಗಡೆ ಹೆಗಲಿಂದ ಹೊಡೀತಾಳಂತೆ, ಬೀದಿಯೆಲ್ಲ ಅದೇ ಮಾತು."

ಮೇ ತಿಂಗಳು. ನೀನು ನನಗೆ ಬರೆದದ್ದು ಜೂನ್ ನಾಲ್ಕಕ್ಕೆ. ಕರೆಂಟ್ ಇಲ್ಲ ಅಂತ ಬರೆದೆ. ಸುಳ್ಳಿ! ಸಾಲು ಬಲಗಡೆ ಜಾರೋದು ಯಾಕೆ ಅಂತ ನನಗೆ ಹೊಳೀಲಿಲ್ಲವಲ್ಲ.

ಬದರಿನಾಥನನ್ನು ನಿನ್ನೆ ಸಂಜೆ ಬಿಟ್ಟರು. ಬ್ಯಾಂಕಿನವರು ಏನಂತಾರೋ ಗೊತ್ತಿಲ್ಲ. ನನ್ನ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ. ವಿಚಾರಣೆ ಮುಗಿಯೋವರೆಗೂ ನಾನು ಈ ಊರು ಬಿಡೋ ಹಾಗಿಲ್ಲ. ಕುಶಾಲ ನನ್ನ ಹತ್ರ ಮಾತು ಬಿಟ್ಟಿದ್ದಾನೆ.

ಈಗ ಹೇಳೋದು ಕೇಳು. ಹೊಡೆಯೋದು ನಿಲ್ಲಿಸು. ಬೋಲ್ಟು ತೆಗೆದು ನಿಮ್ಮಮ್ಮನ ಕೈಗೆ ಕೊಡು. ಕಮ್ಮಿ ಮದ್ದೂ ಬೇಡ, ಯಾವ ಮದ್ದೂ ಬೇಡ. ನಿನಗೆ ಉಳಿದಿರೋದು ಒಂದು ಕಣ್ಣು. ಕಾರಣ ಕೇಳಬೇಡ. ದೊಡ್ಡವನು ಹೇಳಿದ್ದೀನಿ, ಅಷ್ಟು ಸಾಕು.

ಪುಟ್ಟಸ್ವಾಮಿ


ಮೈಸೂರು
14 ಆಗಸ್ಟ್ 1993

ದೊಡ್ಡಪ್ಪನವರಿಗೆ,

ಬದರಿನಾಥ್ ಮನೆಗೆ ಹೋಗಿ ಅವರ ತಂದೆತಾಯಿಯ ಕಾಲಿಗೆ ಬಿದ್ದು ಬಂದೆ. ಅವರ ತಾಯಿ ಕಾಲು ಹಿಂದಕ್ಕೆ ಎಳೆದುಕೊಂಡರು. ಅದು ನನ್ನ ತಪ್ಪು. ಅದಕ್ಕೆ ನೀವು ಬೈದದ್ದು ಸರಿ.

ಕಾರಣ ಹೇಳದೆ ಹೊಡೆಯುವುದು ನಿಲ್ಲಿಸು ಎಂದದ್ದು ಸರಿಯಲ್ಲ.

ಕಣ್ಣಿನ ವಿಷಯ ಮುಚ್ಚಿಟ್ಟೆ, ಹೌದು. ಮೇ 27ರಂದು, ಏಳನೇ ಗುಂಡಿಗೆ. ಬೆಂಕಿಪುಡಿ ಎರಚಿದ ಹಾಗಾಯಿತು. ಒಂದು ತಗಡಿನ ಚೂರು ಡಾಕ್ಟರು ತೆಗೆದರು. ಕಣ್ಣು ಇದೆ, ಆದರೆ ನಡುವೆ ಒಂದು ನೆರಳು ಕೂತಿದೆ. ಅದು ಹೋಗುವುದಿಲ್ಲ ಎಂದಿದ್ದಾರೆ. ನಿಮಗೆ ಬರೆದಿದ್ದರೆ ಏನು ಬರೆಯುತ್ತಿದ್ದಿರಿ? ಹೆಣ್ಣುಮಗಳಿಗೆ ಯಾಕೆ ಬೇಕಿತ್ತು ಎನ್ನುತ್ತಿದ್ದಿರಿ. ನನಗೆ ಕನಿಕರ ಬೇಕಿರಲಿಲ್ಲ, ಕಾರಣ ಬೇಕಿತ್ತು. ಅದಕ್ಕೇ ಕೇಪಿನ ಬಗ್ಗೆ ಮಾತ್ರ ಕೇಳಿದೆ.

ಎರಡು ತಿಂಗಳು ಎಡಗಣ್ಣು, ಎಡ ಹೆಗಲು, ಎಡಗೈ ಬೆರಳು ಎಲ್ಲವನ್ನೂ ಹೊಸದಾಗಿ ಕಲಿಸಿದ್ದೇನೆ. ದಪ್ಪ ತಗಡಿನ ಕೇಪು ತರಿಸಿದ್ದೇನೆ. ಈಗ ಇಪ್ಪತ್ತಕ್ಕೆ ಒಂದು ತೂತು, ಅಷ್ಟೇ. 29ಕ್ಕೆ ಪುಸ್ತಕದ ಅಳತೆಯಲ್ಲೇ ಹೊಡೆಯುತ್ತೇನೆ. ಇಪ್ಪತ್ತೆಂಟಕ್ಕೆ ಮಧ್ಯಾಹ್ನ ಹೊರಡುತ್ತೇನೆ.

ನೀವು ಭೂತಗನ್ನಡಿ ಹಿಡಿದು ನಾಲ್ಕನ್ನೂ ನೋಡಿದಿರಿ. ಅಂಚು ದುಂಡಗಿತ್ತೋ, ಚಪ್ಪಟೆಯಾಗಿತ್ತೋ? ಒಂದು ಪದ ಬರೆಯಲು ಆಗಲಿಲ್ಲವೇ? ಪೊಲೀಸರಿಗೆ ಹೆದರಿ, ಪಾಸ್‌ಪೋರ್ಟಿಗೆ ಹೆದರಿ, ಈಗ ನನ್ನನ್ನೂ ಮನೆಯಲ್ಲಿ ಕೂರಿಸುತ್ತಿದ್ದೀರಿ ಎಂದೇ ನನಗನ್ನಿಸುವುದು. ಕಾರಣ ಬರೆದು ಕಳಿಸಿದರೆ ಕೇಳುತ್ತೇನೆ. ದೊಡ್ಡವರು ಎಂಬ ಒಂದೇ ಕಾರಣಕ್ಕೆ ಕೇಳುವುದಿಲ್ಲ.

ಮೈಥಿಲಿ


ಬೆಡೋಕ್
17 ಆಗಸ್ಟ್ 1993

ಮೈಥಿಲಿ,

ಉತ್ತರವಿಲ್ಲ. ದಿನಾ ಮಧ್ಯಾಹ್ನ ಲೆಟರ್ ಬಾಕ್ಸ್ ಬಳಿ ಹೋಗಿ ನಿಲ್ತೀನಿ. ಪೋಸ್ಟಿನವನು ನನ್ನನ್ನು ದೂರದಿಂದ ನೋಡಿದ ಕೂಡಲೇ ತಲೆ ಅಲ್ಲಾಡಿಸ್ತಾನೆ.

ಇವತ್ತು ನಿಮ್ಮ ಕ್ಲಬ್ಬಿನ ನಂಬರು ಹುಡುಕಿ ಫೋನ್ ಮಾಡಿದೆ. ವಾಚ್‌ಮನ್ ಎತ್ತಿದ. "ಮೈಥಿಲಿ ಮೇಡಮ್ಮಾ? ಫೀಲ್ಡಲ್ಲವ್ರೆ ಸಾರ್. ಸದ್ದು ಕೇಳಿಸ್ತಿಲ್ವಾ?" ಅಂದ. ಕೇಳಿಸ್ತು. ಸಮುದ್ರ ದಾಟಿ ನನ್ನ ಕಿವಿಯಲ್ಲಿ ಢಂ ಅಂತು. ಫೋನು ಹಿಡಿದು ನಿಂತೇ ಇದ್ದೆ. ಇನ್ನೊಂದು. ಇನ್ನೊಂದು. ಒಂದೊಂದು ಸದ್ದಿಗೂ ಮುಂದಿನದು ಕೇಳಿಸಲಿ ಅಂತ ಕಾಯ್ತಿದ್ದೆ. ಮುಂದಿನದು ಕೇಳಿಸಿದರೆ ನಿನ್ನ ಕಣ್ಣು ಇನ್ನೂ ಇದೆ ಅಂತ ಅರ್ಥ.

ಕರೆಸು ಅಂದೆ. ಹೋಗಿ ಬಂದು ಅವನು ಅಂದ, "ಬರಕ್ಕಿಲ್ವಂತೆ ಸಾರ್. ಕಾಗದ ಹಾಕಿವ್ನಿ, ಕಾರಣ ಬರೆದು ಕಳಿಸೋಕೇಳು ಅಂದ್ರು."

ಕಾರಣ, ಕಾರಣ. ಹೊಡೀಬೇಡ ಅಂದರೆ ಹೊಡೀಬೇಡ. ನಿನಗೆ ಕೈ ಮುಗೀತೀನಿ. ಅರವತ್ತೆಂಟು ವರ್ಷದಲ್ಲಿ ಈ ಮಾತು ಯಾರಿಗೂ ಬರೆದವನಲ್ಲ.

ಪುಟ್ಟಸ್ವಾಮಿ


ಬೆಡೋಕ್
25 ಆಗಸ್ಟ್ 1993

ಮೈಥಿಲಿ,

ಹದಿನಾಲ್ಕನೇ ತಾರೀಖಿನ ನಿನ್ನ ಕಾಗದ ಇವತ್ತು ಬೆಳಗ್ಗೆ ಹನ್ನೊಂದಕ್ಕೆ ಬಂತು. ಕ್ಲಬ್ಬಿಗೆ ಫೋನ್ ಮಾಡಿದೆ. ಲೈನು ಸತ್ತಿದೆ. ಅಂಗಡಿ ಬಾಗಿಲೂ ಹಾಕದೆ ತಂತಿ ಕೊಡೋ ಕಡೆಗೆ ಓಡಿದೆ. ಕುಶಾಲನನ್ನು ಕೇಳಲಿಲ್ಲ. ಫಾರಂನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ, ಒಂದೊಂದೇ ಅಕ್ಷರ. ಕೌಂಟರಿನ ಹುಡುಗಿ ಯಾವ ಭಾಷೆ ಅಂತ ಎರಡು ಸಲ ಕೇಳಿದಳು. ಹೀಗೆ ಬರೆದೆ:

"ಅಂಚು ದುಂಡಗಿತ್ತು. ಪಿನ್ನು ಕೆಟ್ಟದ್ದು. ಉಗುರಿನ ಮೇಲೆ ನಾನು ನೋಡಿರಲಿಲ್ಲ. ತಪ್ಪು ನನ್ನದು. ಹೊಡೆಯಬೇಡ."

ಅದು ಇಪ್ಪತ್ತೆಂಟರ ಮಧ್ಯಾಹ್ನದೊಳಗೆ ತಲುಪುತ್ತೋ ಇಲ್ಲವೋ ಗೊತ್ತಿಲ್ಲ. ಈ ಕಾಗದವಂತೂ ತಲುಪಲ್ಲ. ನೀನು ಇದನ್ನು ಓದೋ ಹೊತ್ತಿಗೆ ಆಗೋದು ಆಗಿರುತ್ತೆ. ನೀನೇ ಓದ್ತೀಯೋ, ನಿಮ್ಮಮ್ಮ ಓದಿ ಹೇಳ್ತಾಳೋ, ಅದೂ ಗೊತ್ತಿಲ್ಲ. ಆದರೂ ಬರೀತೀನಿ. ಬರೀದೆ ಕೂತ್ಕೊಳ್ಳೋಕೆ ಆಗ್ತಿಲ್ಲ.

ಅರವತ್ತೊಂದರಲ್ಲಿ ಆ ಪಿನ್ನು ಮಾಡಿದ್ದು ನಾನು ಊರು ಬಿಡೋ ದಿನ. ಸಂಜೆ ಮದರಾಸಿನ ರೈಲು, ಅಲ್ಲಿಂದ ಹಡಗು. ಉಕ್ಕು ಕಡಿದು, ಅರ ಹಾಕಿ, ಕಾಯಿಸಿ ಹದ ಕೊಟ್ಟೆ. ತುದಿ ಎಮರಿ ಕಾಗದದಲ್ಲಿ ಉಜ್ಜೋದೊಂದು ಬಾಕಿ ಇತ್ತು. ಜಟಕಾದವನು ಹೊರಗೆ ಕೂಗ್ತಿದ್ದ. ಹಾಗೇ ಬೋಲ್ಟಿಗೆ ಹಾಕಿ ನರಸಿಂಹನ ಕೈಗೆ ಕೊಟ್ಟೆ. "ಅಣ್ಣ, ಉಗುರಿನ ಮೇಲೆ ನೋಡಿದ್ಯಾ?" ಅಂದ. "ನನಗೇ ಕಲಿಸ್ತೀಯೇನೋ?" ಅಂತ ಗದರಿದೆ. ನೋಡಿರಲಿಲ್ಲ. ಮುಂದಿನ ರಜದಲ್ಲಿ ಸರಿಮಾಡೋಣ ಅಂದುಕೊಂಡೆ. ಮುಂದಿನ ರಜ ಏಳು ವರ್ಷಕ್ಕೆ ಬಂತು. ಅವನು ಕೇಳಲಿಲ್ಲ, ನಾನು ಮರೆತೆ. ಮರೆತು ಮರೆತು, ನೋಡಿದ್ದೆ ಅಂತಲೇ ನಂಬಿಕೊಂಡೆ. ನಿನಗೆ ಜೂನ್‌ನಲ್ಲಿ ಬರೆದಾಗ ನಾನು ಸುಳ್ಳು ಬರೀಲಿಲ್ಲ. ನಂಬಿದ್ದನ್ನೇ ಬರೆದೆ. ಅದು ಇನ್ನೂ ಕೆಟ್ಟದ್ದು.

ಪೊಲೀಸ್ ಮೇಜಿನ ಮೇಲೆ ನಾಲ್ಕು ಕೇಪಿನಲ್ಲೂ ಒಂದೇ ಗುರುತಿತ್ತು. ತೂತಿನ ಒಂದು ಪಕ್ಕಕ್ಕೆ ಉಗುರುಚಂದ್ರದ ಹಾಗೆ ಕತ್ತರಿಸಿದ ಗೆರೆ. ಮದ್ದಿಗೆ ಹರಿದರೆ ಹಾಗಾಗಲ್ಲ. ಅದು ಪಿನ್ನಿನ ತುದಿಯಲ್ಲಿ ಉಜ್ಜದೆ ಬಿಟ್ಟ ಅರದ ಏಣು. ನನ್ನ ಅರದ ಏಣು. ನನ್ನ ಕೈಬರಹ ನನಗೆ ಗೊತ್ತಾಗಲ್ವಾ? ಹದಿನಾಲ್ಕು ವರ್ಷದಲ್ಲಿ ಒಂದು ಪಿನ್ನೂ ವಾಪಸ್ ಬಂದಿಲ್ಲ ಅಂತ ಬರೆದಿದ್ದೆನಲ್ಲ. ಬಂತು. ನಿನ್ನ ಕಣ್ಣು ತಗೊಂಡು ಬಂತು.

ಅಲ್ಲೇ ಹೇಳಬಹುದಿತ್ತು. ನಾಲ್ಕನೇ ತಾರೀಖೇ ಬರೀಬಹುದಿತ್ತು. ಪೆನ್ನು ಅಲ್ಲಿಗೆ ಬಂದು ನಿಂತುಬಿಡ್ತಿತ್ತು. ಮೂರು ವಾರ ಕಳೆದೆ.

ಆ ಪಿನ್ನು ಬಿಚ್ಚಿ ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದು ಮುರಿ. ಹೊಸದನ್ನು ನಾನು ಇಲ್ಲಿ ಮಾಡಿ ಕಳಿಸೋ ಹಾಗಿಲ್ಲ, ಈ ಊರಲ್ಲಿ ಅದೂ ಅಪರಾಧ. ನಿಮ್ಮಪ್ಪನ ಪೆಟ್ಟಿಗೆಯಲ್ಲಿ ನನ್ನ ಹಳೇ ಅರಗಳಿವೆ. ಕೈಕೆಲಸ ನಿನಗೆ ಅವನು ಕಲಿಸಿದ್ದಾನೆ. ತುದಿ ಅರ್ಧ ಗೋಲಿಯ ಹಾಗೆ ದುಂಡಗೆ ಬರಬೇಕು. ಅರ ಬಿಟ್ಟ ಮೇಲೆ ಎಮರಿ, ಎಮರಿ ಆದ ಮೇಲೆ ಎಣ್ಣೆ ಹಾಕಿದ ಚರ್ಮ. ಅವಸರ ಮಾಡಬೇಡ. ಹೊರಗೆ ಯಾರು ಕೂಗಿದರೂ ಏಳಬೇಡ. ಆಮೇಲೆ ಉಗುರು. ಬೋಲ್ಟಿಗೆ ಹಾಕೋಕೆ ಮುಂಚೆ ರಘುನಾಥ್ ಅವರ ಕೈಗೂ ಕೊಟ್ಟು ನೋಡಿಸು. ಅವರಿಗೆ ನಾನು ಅಂದದ್ದನ್ನೂ ಹೇಳು.

ಒಂದೇ ಒಂದು ಸಾಲು ಬರಿ. ಓರೆಯಾಗಿದ್ದರೂ ಪರವಾಗಿಲ್ಲ.

ಪುಟ್ಟಸ್ವಾಮಿ


ಮೈಸೂರು
16 ಸೆಪ್ಟೆಂಬರ್ 1993

ದೊಡ್ಡಪ್ಪನವರಿಗೆ,

ನಿಮಗೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಹತ್ತು ದಿನ ಬರೆಯಲೂ ಇಲ್ಲ.

ತಂತಿ ಇಪ್ಪತ್ತೆಂಟಕ್ಕೆ ಹನ್ನೆರಡೂವರೆಗೆ ಬಂತು. ಆಟೋ ಗೇಟಿನಲ್ಲಿ ನಿಂತಿತ್ತು, ರೈಫಲ್ಲಿನ ಪೆಟ್ಟಿಗೆ ಒಳಗಿಟ್ಟಾಗಿತ್ತು. ಅಮ್ಮ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು. 'ತಪ್ಪು ನನ್ನದು' ಎಂಬಲ್ಲಿಗೆ ಬಂದು ನಿಲ್ಲಿಸಿ, ಇದು ನಿಜವಾಗಿ ನಿಮ್ಮ ದೊಡ್ಡಪ್ಪ ಬರೆದದ್ದೇನೇ ಎಂದರು. ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅವನನ್ನು ವಾಪಸ್ ಕಳಿಸಿದೆ. ಆಯ್ಕೆ ನಾನಿಲ್ಲದೆ ಮುಗಿಯಿತು.

ಆ ಮಧ್ಯಾಹ್ನ ಅಪ್ಪ ಕೈಯಲ್ಲಿ ಬರೆದಿಟ್ಟ ಅಳತೆ ಪುಸ್ತಕ ತೆಗೆದೆ. ಅದರಲ್ಲಿ ಇಷ್ಟು ದಿನ ಅಂಕಿಗಳನ್ನು ಮಾತ್ರ ನೋಡುತ್ತಿದ್ದೆ. 1961ರ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: "ಅಣ್ಣನ ಪಿನ್ನು ಉಗುರು ಕೀರುತ್ತೆ. ಹೇಳಿದರೆ ನೊಂದ್ಕೋತಾನೆ. ಮದ್ದು ಕಮ್ಮಿ ಹಾಕಿದರೆ ನಡೆಯುತ್ತೆ." ಮೂವತ್ತು ವರ್ಷ ಹಾಗೇ ನಡೆಸಿದರು. ನೀವು ಹೆದರುಪುಕ್ಕಲ ಎಂದಾಗಲೆಲ್ಲ ನಕ್ಕರು. ನಿಮ್ಮ ಮರ್ಯಾದೆ ಕಾಪಾಡಿದ ಅಪ್ಪ ನನಗೊಂದು ಮಾತು ಹೇಳುವುದನ್ನು ಮರೆತರು. ನನ್ನ ಕಣ್ಣು ನಿಮ್ಮಿಬ್ಬರ ನಡುವೆ ಹೋಯಿತು. ಇದನ್ನು ಬರೆಯದೆ ಮುಂದಕ್ಕೆ ಬರೆಯಲು ನನ್ನಿಂದ ಆಗುತ್ತಿರಲಿಲ್ಲ.

ನಿಮ್ಮ ಕಾಗದ ಆರಕ್ಕೆ ಬಂತು. ಪಿನ್ನು ಮುರಿದೆ, ಒಂದೇ ಏಟಿಗೆ. ರೈಫಲ್ಲು ಸ್ಟೇಷನ್ನಿಗೆ ಹೋಗಲಿಲ್ಲ. "ಮೊದಲು ಪಿನ್ನು ಮಾಡು, ಆಮೇಲೆ ನೋಡೋಣ" ಎಂದು ಅಮ್ಮ ತಾವೇ ಪೆಟ್ಟಿಗೆಯಿಂದ ಅರಗಳನ್ನು ತೆಗೆದು ಎಣ್ಣೆ ಒರೆಸಿಕೊಟ್ಟರು. ಮೊದಲನೆಯದು ಗಿಡ್ಡವಾಯಿತು. ಎರಡನೆಯದು ಹದ ಕೊಡುವಾಗ ಬಿರಿಯಿತು. ಮೂರನೆಯದಕ್ಕೆ ಐದು ದಿನ ಹಿಡಿಯಿತು. ನಾಳೆ ರಘುನಾಥ್ ಸರ್ ನೋಡುತ್ತಾರೆ. ನೀವು ಅವರನ್ನು ಅಂದದ್ದನ್ನು ಹೇಳಿದ್ದೇನೆ. ತುಂಬಾ ನಕ್ಕರು.

ಇವತ್ತು ಬೆಳಗ್ಗೆ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಊರಿ ತಿರುಗಿಸಿದೆ. ಗೆರೆ ಬಿದ್ದಿದೆಯೋ ಇಲ್ಲವೋ, ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಬರಲಿಲ್ಲ. ಅಮ್ಮನನ್ನು ಕರೆದೆ. ಅವರು ನನ್ನ ಬೆರಳು ಹಿಡಿದು ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ, ಬೆಳಕಿಗೆ ಆ ಕಡೆ ಈ ಕಡೆ ಹೊರಳಿಸಿ, ತುಂಬಾ ಹೊತ್ತು ನೋಡಿದರು.

"ಏನೂ ಇಲ್ಲ ಕಣೇ" ಎಂದರು.

ಮೈಥಿಲಿ